ಪಡಸಾಲೆಯ ಹರಿಗೋಲು

ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹರಿಗೋಲಿತ್ತು. ಅಪ್ಪ ಅದನ್ನು ಸುಣ್ಣದಿಂದ ನೆಲದ ಮೇಲೆ ಬರೆದಿದ್ದ. ನಡುವೆ ಒಂದು ಮೊಳೆ ಬಡಿದು, ಅದಕ್ಕೆ ಹಗ್ಗ ಕಟ್ಟಿ, ಸಗಣಿ ಸಾರಿಸಿದ ನೆಲದ ಮೇಲೆ ಸುತ್ತು ತಿರುಗಿ ಎಳೆದ ದುಂಡನೆಯ ಗೆರೆ. ದಿನಾ ಸಂಜೆ, ದೀಪ ಹಚ್ಚುವ ಮುಂಚೆ, ನಾವೆಲ್ಲ ಹೋಗಿ ಆ ಗೆರೆಯೊಳಗೆ ಕೂರಬೇಕು. ಯಾಕೆಂದರೆ ಹೊಳೆ ದಾಟುವುದನ್ನು ಕಲಿಯಲಿಕ್ಕೆ. ನಿಜವಾದ ಹೊಳೆ ನಮ್ಮ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ನಿಜವಾದ ಹರಿಗೋಲುಗಳು ದಂಡೆಯ ಮೇಲೆ ಬೋರಲಾಗಿ ಒಣಗುತ್ತಿದ್ದವು. ಆದರೂ ಅಪ್ಪನಿಗೆ ಹೊಳೆಯನ್ನು ಮನೆಯೊಳಗೇ ಕರೆದುಕೊಂಡು ಬಂದು ಕಲಿಸಬೇಕು. ಈಗಲೂ ಯಾರಾದರೂ ಅಂಗಳದಲ್ಲಿ ದುಂಡಗೆ ರಂಗೋಲಿ ಎಳೆಯುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರಂಗೋಲಿ ಎಳೆಯುವ ಹುಡುಗಿಯ ತಪ್ಪೇನೂ ಇಲ್ಲ, ಪಾಪ.

ನಮ್ಮೂರು ಮಕ್ತಲ್ ತಾಲೂಕಿನಲ್ಲಿ, ಕೃಷ್ಣೆಯ ಈಚೆ ದಂಡೆ. ಆಚೆ ದಂಡೆ ಗದ್ವಾಲ ಸಂಸ್ಥಾನದ್ದು. ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ನಾರಾಯಣಪೇಟೆಯ ನೇಕಾರರಿಂದ ಸೀರೆ ತಂದು, ಹೊಳೆ ದಾಟಿಸಿ, ಗದ್ವಾಲ, ಐಜದ ಕಡೆ ಮಾರುತ್ತಿದ್ದರು. ಗಂಡಸರಿಗೆ ಹರಿಗೋಲು ಹತ್ತುವುದೆಂದರೆ ಎತ್ತಿನ ಬಂಡಿ ಹತ್ತಿದಷ್ಟೇ ಸಲೀಸು. ಹೆಂಗಸರು ದಾಟುತ್ತಿದ್ದದ್ದು ಮದುವೆಗೋ ಬಾಣಂತನಕ್ಕೋ, ಅದೂ ನೀರು ಇಳಿದು ಬಂಡೆಗಳು ಬೆನ್ನು ತೋರಿಸುವ ಬೇಸಿಗೆಯಲ್ಲಿ. ಆದರೆ ಆ ವರ್ಷ ನಿಜಾಮರ ಸೀಮೆಯಲ್ಲಿ ರಜಾಕಾರರ ಗದ್ದಲ ಎದ್ದಿತು. ಇವತ್ತು ಅಲ್ಲಿ ಬಂದರಂತೆ, ನಾಳೆ ಇಲ್ಲಿಗೆ ಬರುತ್ತಾರಂತೆ ಎಂಬ ಮಾತಿಲ್ಲದೆ ಒಂದು ದಿನ ಕಳೆಯುತ್ತಿರಲಿಲ್ಲ. ಐಜ ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ ತವರು. ಅಲ್ಲಿಂದ ಇನ್ನೊಂದಿಷ್ಟು ದೂರ ಹೋಗಿ ತುಂಗಭದ್ರೆ ದಾಟಿದರೆ ಕರ್ನೂಲು, ಅದು ನಿಜಾಮರದಲ್ಲ. ಅಲ್ಲಿಯವರೆಗೆ ಮುಟ್ಟಿದರೆ ಜೀವ ಉಳಿದಂತೆ ಎಂದು ಮನೆಯಲ್ಲಿ ತೀರ್ಮಾನವಾಗಿ, ಕಾಕಾ ಮುಂದಾಗಿ ಐಜಕ್ಕೆ ಹೋದ. ನಮ್ಮನ್ನು ಕರೆತರುವ ಭಾರ ಅಪ್ಪನ ಮೇಲೆ ಬಿತ್ತು. ಹೊಳೆ ಮಾತ್ರ ಕೆಂಪಗೆ, ದಂಡೆಯ ಮರಗಳ ಸೊಂಟದವರೆಗೆ ಏರಿ ಹರಿಯುತ್ತಿತ್ತು. ಅದು ಒಂದಿಷ್ಟು ಇಳಿಯುವವರೆಗೆ ಕಾಯಬೇಕು. ಕಾಯುವಷ್ಟು ದಿನ ಮನೆಯ ಹೆಂಗಸರನ್ನು ತಯಾರು ಮಾಡಬೇಕು ಎಂದು ಅಪ್ಪನ ತಲೆಗೆ ಹೊಕ್ಕಿತು. ಅವನ ತಲೆಗೆ ಒಂದು ಹೊಕ್ಕರೆ ಅದನ್ನು ಹೊರಗೆ ತೆಗೆಯುವುದು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ಹರಿಗೋಲು ಕಟ್ಟೆಯ ಹತ್ತಿರ ಸರ್ಕಾರದವರು ಒಂದು ಹಲಗೆ ನೆಟ್ಟಿದ್ದರು. ಉರ್ದುವಿನಲ್ಲಿ ನಾಲ್ಕು ಸಾಲು ಕಾಯಿದೆ ಬರೆದ ಹಲಗೆ. ಊರಲ್ಲಿ ಉರ್ದು ಓದಬಲ್ಲವರು ಬೆರಳೆಣಿಕೆ, ಅದರಲ್ಲಿ ಅಪ್ಪ ಒಬ್ಬ. ಆ ನಾಲ್ಕು ಸಾಲಿಗೆ ತಾನು ವರ್ಷಗಟ್ಟಲೆ ದಾಟಿ ಕಂಡದ್ದನ್ನು, ಅಂಬಿಗ ಅಂಜಿಲಪ್ಪ ಹೇಳಿದ್ದನ್ನು, ಇನ್ನು ತನಗೆ ರಾತ್ರಿ ಹೊಳೆದದ್ದನ್ನು ಸೇರಿಸಿ ಅಪ್ಪ ಕಾಯಿದೆಯನ್ನು ಬೆಳೆಸಿದ. ಹತ್ತುವಾಗ ಅಂಚಿನ ಮೇಲೆ ಕಾಲಿಡಬಾರದು, ನಟ್ಟನಡುವೆ ಇಡಬೇಕು. ಕೂತ ಮೇಲೆ ಏಳಬಾರದು, ಮೈಮೇಲೆ ಹಾವು ಬಂದರೂ ಏಳಬಾರದು. ಅಂಚು ಹಿಡಿಯಬಾರದು, ಒಳಗಿನ ಬಿದಿರಿನ ಪಟ್ಟಿ ಹಿಡಿಯಬೇಕು. ಹರಿಗೋಲು ಬುಗುರಿಯ ಹಾಗೆ ತಿರುಗುತ್ತದೆ; ಆಗ ನೀರು ನೋಡಿದರೆ ತಲೆ ಸುತ್ತುತ್ತದೆ, ಅದಕ್ಕೆ ಎದುರು ಕೂತವರ ಮುಖ ನೋಡಬೇಕು. ನಟ್ಟ ಹೊಳೆಯಲ್ಲಿ ಅಂಬಿಗನ ಹೊರತು ಯಾರೂ ತುಟಿ ಬಿಚ್ಚಬಾರದು. ಎದುರಿನವರ ಬೆನ್ನ ಹಿಂದೆ ಏನಾದರೂ ಅಪಾಯ ಕಂಡರೆ ಮಾತ್ರ ಕೂಗಬೇಕು, ಅದೂ ಕಂಡವರೇ ಕೂಗಬೇಕು. ದುಂಡನೆಯ ಹರಿಗೋಲಿನಲ್ಲಿ ಭಾರ ಸರಿತೂಗಬೇಕಾದ್ದರಿಂದ ಸಮ ತೂಕದವರು ಎದುರುಬದುರು ಕೂರಬೇಕು. ದಂಡೆ ಮುಟ್ಟಿದ ಮೇಲೆ ಆ ಇಬ್ಬರೂ ಒಟ್ಟಿಗೇ ಎದ್ದು, ಕೈ ಹಿಡಿದುಕೊಂಡು, ಜೋಡಿಯಾಗಿಯೇ ಇಳಿಯಬೇಕು. ಒಬ್ಬರು ಮೊದಲು ಇಳಿದುಬಿಟ್ಟರೆ ಕೂತೇ ಇದ್ದವರ ಕಡೆ ಹರಿಗೋಲು ವಾಲಿ, ದಂಡೆಯ ಹತ್ತಿರ ಬಂದವರೂ ನೀರು ಪಾಲಾಗುತ್ತಾರೆ. ಇದು ಅಪ್ಪನ ಕೊನೆಯ ಕಾಯಿದೆ, ಅವನಿಗೆ ಬಲು ಪ್ರೀತಿಯದು.

ಇಷ್ಟೂ ಸರಿ. ನಾನೇ ಒಪ್ಪುತ್ತೇನೆ, ಕಾಯಿದೆಯಲ್ಲಿ ತಪ್ಪೇನಿರಲಿಲ್ಲ. ತಪ್ಪು ಇದ್ದದ್ದು ನಮ್ಮ ಮನೆಯ ಮಂದಿಯಲ್ಲಿ. ನಮ್ಮ ಮನೆಯಲ್ಲಿ ಸಮ ತೂಕದವರು ಯಾರೆಂದರೆ ಅವ್ವ ಮತ್ತು ಚಿಗವ್ವ, ಮತ್ತು ಆ ಇಬ್ಬರೂ ನೆಗೆಣ್ಣಿಯರು ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು ಮೂರು ಮಾವಿನ ಹಂಗಾಮು ದಾಟಿತ್ತು. ಮಾವಿನ ಲೆಕ್ಕ ಯಾಕೆ ಹೇಳುತ್ತೇನೆಂದರೆ ಜಗಳ ಎದ್ದದ್ದು ಉಪ್ಪಿನಕಾಯಿಯಿಂದ. ವರ್ಷಕ್ಕಾಗುವಷ್ಟು ಹಾಕಿಟ್ಟ ಉಪ್ಪಿನಕಾಯಿಯ ಭರಣಿಯಲ್ಲಿ ಯಾರೋ ಒದ್ದೆ ಸೌಟು ಅದ್ದಿದರು, ಇಡೀ ಭರಣಿಗೆ ಬೂಷ್ಟು ಬಂತು. ಅವ್ವ ಚಿಗವ್ವನ ಕಡೆ ಬೆರಳು ಮಾಡಿದಳು, ಚಿಗವ್ವ ಅವ್ವನ ಕಡೆ. ಅಷ್ಟೇ. ಯಾರೂ ಸತ್ತಿರಲಿಲ್ಲ, ಯಾರ ಹೊಲವೂ ಹೋಗಿರಲಿಲ್ಲ. ಆದರೆ ಅಂದಿನಿಂದ ಒಂದೇ ಅಡಿಗೆಮನೆಯಲ್ಲಿ, ಒಂದೇ ಒಲೆಯ ಮುಂದೆ, ಒಬ್ಬಳು ರೊಟ್ಟಿ ಬಡಿಯುತ್ತಾ ಇನ್ನೊಬ್ಬಳು ಬೇಯಿಸುತ್ತಾ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತವರು, ಮಾತಾಡಬೇಕಾದರೆ ನಡುವೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು.

“ನಾಗೀ, ನಿಮ್ಮ ಚಿಗವ್ವಗ ಹೇಳು, ಹಂಚು ಕಾದೈತಿ ಅಂತ.”

“ನಾಗೀ, ನಿಮ್ಮವ್ವಗ ಹೇಳು, ನನಗೂ ಕಣ್ಣು ಅದಾವ ಅಂತ.”

ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ನಾನು ಬಾಯಿಬಿಟ್ಟು ಆ ಮಾತನ್ನು ಮತ್ತೆ ಹೇಳುವವರೆಗೆ ಅದು ಮುಟ್ಟಿದಂತೆ ಅಲ್ಲ. ರೊಟ್ಟಿ ಹಂಚಿನ ಮೇಲೆ ಕರಕಲಾಗುತ್ತಿದ್ದರೂ ಚಿಗವ್ವ ಕೈ ಕಟ್ಟಿಕೊಂಡು ನನ್ನ ಮುಖ ನೋಡುತ್ತಾ ಕೂರುವಳು. ಸಾಲದ್ದಕ್ಕೆ ಅಪ್ಪನೂ ಚಿಗವ್ವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಅದು ಜಗಳವಲ್ಲ, ರಿವಾಜು. ತಮ್ಮನ ಹೆಂಡತಿ ಭಾವನ ಮುಂದೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲುವವಳು. ಹಾಗಾಗಿ ಅಪ್ಪನ ಕಾಯಿದೆಗಳನ್ನು ಚಿಗವ್ವನಿಗೆ ಮುಟ್ಟಿಸುವುದೂ ನನ್ನದೇ ಕೆಲಸವಾಯಿತು. ಇಡೀ ಮನೆಯ ಮಾತು ನನ್ನ ಬಾಯಿಂದ ಹಾದು ಹೋಗುತ್ತಿತ್ತು, ನನಗೆ ಹೇಳಬೇಕಾದ ಒಂದು ಮಾತು ಹೇಳಲಿಕ್ಕೆ ಸಂದು ಸಿಗುತ್ತಿರಲಿಲ್ಲ. ಆಗ ನನಗೆ ಇದ್ದದ್ದು ಒಂದೇ ಆಸೆ. ರಜಾಕಾರರು ಬರಲಿ ಬಿಡಲಿ, ಹೊಳೆ ಇಳಿಯಲಿ ಬಿಡಲಿ, ಈ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಬಾಯಿ ಬಿಡಬೇಕು. ನನ್ನನ್ನು ಬಿಟ್ಟುಬಿಡಬೇಕು.

ಇಬ್ಬರೂ ಸಮ ತೂಕದವರೆಂದು ಅಪ್ಪ ಹೇಳಿದಾಗ ಇಬ್ಬರಿಗೂ ಸಿಟ್ಟು ಬಂತು. ಅಕಿಗಿಂತ ನಾ ಸಣ್ಣ ಅದೀನಿ ಅಂತ ಹೇಳು ಎಂದು ನನ್ನ ಮೂಲಕ ಎರಡೂ ಕಡೆಯಿಂದ ತಕರಾರು ಬಂತು. ಅಪ್ಪ ಅದನ್ನೂ ತೀರ್ಮಾನಿಸದೆ ಬಿಡುವವನಲ್ಲ. ಹಿತ್ತಲಲ್ಲಿದ್ದ ಗುಂಡುಕಲ್ಲನ್ನು ಉರುಳಿಸಿಕೊಂಡು ಬಂದು, ಅದರ ಮೇಲೆ ಉದ್ದನೆಯ ಹಲಗೆ ಇಟ್ಟು, ಇಬ್ಬರೂ ಎರಡು ತುದಿಗೆ ಕೂರಬೇಕೆಂದು ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಹೇಳಿದ. ತಾನು ರಿವಾಜಿನ ಪ್ರಕಾರ ಹೊಸಿಲಿನಾಚೆ ಬೆನ್ನು ತಿರುಗಿಸಿ ನಿಂತ. ಅವ್ವ ಒಂದು ತುದಿಗೆ, ಚಿಗವ್ವ ಇನ್ನೊಂದು ತುದಿಗೆ, ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. ಹಲಗೆ ಅತ್ತಿತ್ತ ಒಂದು ಸಲ ತೂಗಿ ನೆಟ್ಟಗೆ ನಿಂತುಬಿಟ್ಟಿತು.

“ನಾಗೀ, ಯಾವ ಕಡೆ ಇಳೀತು?” ಅಪ್ಪ ಹೊರಗಿನಿಂದ ಕೇಳಿದ.

“ಯಾವ ಕಡೀನೂ ಇಳೀಲಿಲ್ಲಪ್ಪಾ.”

“ನೋಡ್ರಿ ಮತ್ತ!” ಅಪ್ಪನ ದನಿಯಲ್ಲಿ ಮಗನ ಮದುವೆ ಗೊತ್ತಾದಷ್ಟು ಸಂತೋಷ.

ಆ ಮೇಲೆ ಜಾಗ ಗೊತ್ತಾಯಿತು. ಅಪ್ಪನ ಎದುರು ಆಯಿ, ಜೊತೆಗೆ ಆಯಿಯ ಕಡೆ ಬಟ್ಟೆಯ ಗಂಟು. ಅವ್ವನ ಎದುರು ಚಿಗವ್ವ, ಅಪ್ಪ ಇರುವುದರಿಂದ ಸೆರಗು ಹೊದ್ದು. ಅಂಜಿಲಪ್ಪನ ಜಾಗದಲ್ಲಿ ಒಂದು ಜೋಳದ ಚೀಲ, ಅದರ ಎದುರು ನಾನು ಮತ್ತು ಪಾತ್ರೆಗಳ ಬುಟ್ಟಿ. ಅಭ್ಯಾಸ ಶುರುವಾದರೆ ಅಪ್ಪನೇ ಹೊಳೆ. ತನ್ನ ಜಾಗ ಬಿಟ್ಟು ನಮ್ಮ ಸುತ್ತ ತಿರುಗುತ್ತಾ, “ಸುಳಿ ಬಂತು!” ಎಂದು ಕೂಗಿ ತಂಬಿಗೆಯಿಂದ ಮುಖಕ್ಕೆ ನೀರು ಎರಚುವನು. ನಾವು ಇಲ್ಲದ ಬಿದಿರಿನ ಪಟ್ಟಿಯನ್ನು ಹಿಡಿದುಕೊಳ್ಳಬೇಕು. ಆಯಿ ಆ ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದಳು. ಅವ್ವ ಮತ್ತು ಚಿಗವ್ವ ಎದುರುಬದುರು ಕೂತು, ಒಬ್ಬಳು ತೊಲೆ ನೋಡುತ್ತಾ ಒಬ್ಬಳು ನೆಲ ನೋಡುತ್ತಾ ಇರುವರು. ಮುಖ ನೋಡ್ರಿ, ಮುಖ ನೋಡ್ರಿ ಎಂದು ಅಪ್ಪ ಅರಚಿದರೆ ಅವ್ವ, “ನೋಡಿದ್ದ ಮುಖನ ಐತಿ, ಏನ್ ನೋಡೂದೈತಿ ಅದರಾಗ” ಎನ್ನುವಳು. ಇಳಿಯುವ ಕಾಯಿದೆ ಬಂದಾಗ ಇಬ್ಬರೂ ಕೈ ಹಿಡಿಯುವ ಬದಲು ಒಂದು ಸೆರಗಿನ ಎರಡು ಚುಂಗು ಹಿಡಿದು ಏಳುತ್ತಿದ್ದರು. ಪಕ್ಕದ ಮನೆಯ ಇಮಾಮ್ ಸಾಬರು ದಿನಾ ಈ ಹೊತ್ತಿಗೆ ಸರಿಯಾಗಿ ಬಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಸಾವಕಾರ್ರೆ, ಹೊಳಿ ಇವತ್ತ ಎಷ್ಟ ಏರೇತ್ರಿ ಮನ್ಯಾಗ?” ಎಂದು ಕೇಳುವರು. ನಕ್ಕು ಮುಗಿದ ಮೇಲೆ, “ನೀವು ಹೋಗ್ರಿ. ಮನಿ, ದನಾ ನಾ ನೋಡ್ತೀನಿ” ಎಂದು ಮೆಲ್ಲಗೆ ಹೇಳಿ ಎದ್ದು ಹೋಗುವರು.

ಶುಕ್ರವಾರ ಮನೆ ಸಾರಿಸುವಾಗ ಆಯಿ ಆ ಗೆರೆಯನ್ನು ಅಳಿಸಿಬಿಡುವಳು. ದೆವ್ವ ಬಿಡಿಸುವವರು ಹಾಕಿದ ಹಾಗೆ ಕಾಣುತ್ತದೆ, ಮನೆಗೆ ಒಳ್ಳೆಯದಲ್ಲ ಎಂಬುದು ಅವಳ ವಾದ. ಅಪ್ಪ ಮತ್ತೆ ಎಳೆಯುವನು. ಪ್ರತಿ ಸಲವೂ ಹರಿಗೋಲು ಸ್ವಲ್ಪ ದೊಡ್ಡದಾಗುವುದು ಇಲ್ಲವೆ ಸಣ್ಣದಾಗುವುದು, ಆಗ ಕೂತವರ ಮೊಣಕಾಲಿನ ಲೆಕ್ಕ ತಪ್ಪಿ ಹೊಸ ಜಗಳ. ನನಗೆ ಊಟ ಹಾಕುವಾಗಲೂ ಅಪ್ಪನ ಕಣ್ಣು ನನ್ನ ತಾಟಿನ ಮೇಲೆ. ನಾನು ಬುಟ್ಟಿಯ ಜೊತೆ ಸೇರಿ ಅಂಜಿಲಪ್ಪನಷ್ಟು ತೂಗಬೇಕು, ಇನ್ನೊಂದು ರೊಟ್ಟಿ ಹಾಕ್ರಿ ಎನ್ನುವನು. ಹೊಟ್ಟೆ ಬಿರಿಯುವಂತಾದರೂ ಬಿಡುತ್ತಿರಲಿಲ್ಲ. ನನ್ನ ವಯಸ್ಸಿನ ಹುಡುಗಿಯರು ಕುಂಟಾಟ ಆಡುತ್ತಿದ್ದರು, ನಾನು ಮನೆಯ ತೂಕದ ಕಲ್ಲಾಗಿದ್ದೆ.

ಹೊಳೆ ಒಂದಿಷ್ಟು ಇಳಿಯಿತು, ಸುದ್ದಿಗಳು ಮಾತ್ರ ಏರಿದವು. ನಾಳೆ ಹೊರಡುವುದು ಎಂದು ಅಪ್ಪ ಹೇಳಿದ ದಿನ ಅವ್ವ ಅಡಿಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳು ದಾಮರಗಿದ್ದದವಳು. ಬಾವಿ, ಕೆರೆ ಕಂಡವಳೇ ಹೊರತು ಇಷ್ಟು ನೀರು ಮದುವೆಯಾಗಿ ಬರುವವರೆಗೆ ಕಂಡಿರಲಿಲ್ಲ. ಆದರೆ ಅವಳ ತಕರಾರು ನೀರಿನದಾಗಿರಲಿಲ್ಲ.

“ನಾ ಬರಂಗಿಲ್ಲ. ಅಕಿ ತವರಮನಿ ಅನ್ನ ನಾ ಉಣ್ಣಂಗಿಲ್ಲ” ಎಂದಳು.

“ಜೀವಾ ಹೋಗೂ ಹೊತ್ತಿನ್ಯಾಗ ಉಪ್ಪಿನಕಾಯಿ ಹಿಡಕೊಂಡು ಕುಂತಿ ಏನ?” ಅಪ್ಪ ಹಣೆ ಹಣೆ ಬಡಿದುಕೊಂಡ.

“ನೀವ ಹೋಗ್ರಿ. ಮಗಳನ್ನ ಕರಕೊಂಡ ಹೋಗ್ರಿ. ನಾ ಇಲ್ಲೇ ಇರ್ತೀನಿ, ಆಗೂದು ಆಗ್ಲಿ.”

ನಾನು ಅಳಲಿಕ್ಕೆ ಶುರು ಮಾಡಿದೆ. ಅವ್ವನನ್ನು ಬಿಟ್ಟು ಹೋಗುವ ಭಯ ಒಂದು ಕಡೆ. ಅವಳು ಬರದಿದ್ದರೆ ಚಿಗವ್ವನ ಎದುರು ಸಮ ತೂಕದವರಿಲ್ಲ, ಆಗ ಹರಿಗೋಲು ಮಗುಚುತ್ತದೆ ಎಂಬ ಭಯ ಇನ್ನೊಂದು ಕಡೆ. ಅಪ್ಪ ಅಷ್ಟರಮಟ್ಟಿಗೆ ನನ್ನ ತಲೆ ತುಂಬಿದ್ದ. ಕೊನೆಗೆ ಆಯಿ ಎದ್ದು ಬಂದಳು. ಹೊಸ ಉಪ್ಪಿನಕಾಯಿಯ ಸಣ್ಣ ಭರಣಿಯನ್ನು ನೆಲುವಿನಿಂದ ಇಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ಗಂಟು ಜೋಳದ ಹಿಟ್ಟಿನ ಜೊತೆ ಅವ್ವನ ಮುಂದೆ ಕುಕ್ಕಿದಳು.

“ನಿನ್ನ ರೊಟ್ಟಿ ನೀ ಬಡಕೊಂಡು, ನಿನ್ನ ಉಪ್ಪಿನಕಾಯಿ ನೀ ನೆಕ್ಕೊಂಡು ಇರು. ಆದ್ರ ನೀ ಬರದ ನಾ ಹೊಸಿಲಾ ದಾಟಂಗಿಲ್ಲ. ಈ ಮುದಿ ಹೆಣಾನ ಅವರು ಬಂದು ಹೊತ್ತಕೊಂಡು ಹೋಗ್ಲಿ.”

ಅವ್ವ ಭರಣಿ ಎತ್ತಿಕೊಂಡಳು.

ಬೆಳಕು ಹರಿಯುವಾಗ ದಂಡೆಗೆ ಬಂದೆವು. ಇಮಾಮ್ ಸಾಬರು ಗಂಟು ಹೊತ್ತು ಬಂದು ಹರಿಗೋಲಿನೊಳಗಿಟ್ಟರು. ಪಡಸಾಲೆಯ ಗೆರೆಗಿಂತ ಅದು ಎಷ್ಟು ಸಣ್ಣದು! ಒಳಗೆ ತೊಗಲು ಮತ್ತು ಡಾಂಬರಿನ ವಾಸನೆ. ಎದುರುಬದುರು ಕೂತವರ ಮೊಣಕಾಲು ನಿಜಕ್ಕೂ ತಾಗಿದವು. ಅವ್ವ ಮತ್ತು ಚಿಗವ್ವನಿಗೆ ಈಗ ತೊಲೆಯೂ ಇಲ್ಲ, ನೆಲವೂ ಇಲ್ಲ. ಭರಣಿ ನನ್ನ ತೊಡೆಯ ಮೇಲೆ. ಅಂಜಿಲಪ್ಪ ಹುಟ್ಟು ಹಾಕಿ ದಂಡೆಯಿಂದ ಬಿಡಿಸಿದ್ದೇ ತಡ, ಹೊಳೆ ನಮ್ಮನ್ನು ಕಿತ್ತುಕೊಂಡಿತು. ಹರಿಗೋಲು ತಿರುಗಿತು, ನಮ್ಮೂರು ಒಂದು ಸಲ ನನ್ನ ಮುಂದೆ ಬಂತು, ಒಂದು ಸಲ ಹಿಂದೆ ಹೋಯಿತು. ಮುಂಚೆ ಹೆಮ್ಮೆಯಿಂದ ನಾ ಮದುವಿ ಆಗಿ ದಾಟಿ ಬಂದಾಕಿ ಎನ್ನುತ್ತಿದ್ದ ಚಿಗವ್ವನ ಮುಖ ಬಿಳುಚಿಕೊಂಡಿತು. ಅಪ್ಪ ಕಾಯಿದೆಯ ಪ್ರಕಾರ ಆಯಿಯ ಮುಖ ನೋಡುತ್ತಿದ್ದ. ಆಯಿ ಈ ಸಲ ನಿದ್ದೆ ಮಾಡಲಿಲ್ಲ, ಶಿವಶಿವಾ ಅನ್ನುತ್ತಿದ್ದಳು. ಅಂಜಿಲಪ್ಪ ಆಚೆ ದಂಡೆಯ ಕಡೆ ಮುಖ ಮಾಡಿ ಹುಟ್ಟು ತೊಳಸುತ್ತಿದ್ದ. ನಟ್ಟ ಹೊಳೆಗೆ ಬಂದಾಗ ಅವ್ವ ತಲೆ ಸುತ್ತು ತಡೆಯಲಾರದೆ ಕೊನೆಗೂ ಚಿಗವ್ವನ ಮುಖ ನೋಡಿದಳು. ಅದಕ್ಕೇ ಅವಳ ಬೆನ್ನ ಹಿಂದಿನದೂ ಕಂಡಿತು.

“ನಾಗೀ” ಎಂದಳು ಅವ್ವ, ಒಲೆಯ ಮುಂದೆ ಹೇಳುವ ಅದೇ ಗುಣಗುಣ ದನಿಯಲ್ಲಿ, ಕಣ್ಣು ಚಿಗವ್ವನ ಭುಜದಾಚೆ. “ನಿಮ್ಮ ಚಿಗವ್ವಗ ಹೇಳು, ಹಿಂದ ಜಾಲಿಗಿಡ ತೇಲಿ ಬರಾಕತ್ತೈತಿ ಅಂತ.”

ನೀರಿನ ಸದ್ದಿಗೆ ಅಪ್ಪನಿಗಾಗಲಿ ಅಂಜಿಲಪ್ಪನಿಗಾಗಲಿ ಅದು ಕೇಳಿಸಲಿಲ್ಲ. ಚಿಗವ್ವನಿಗೆ ಕೇಳಿಸಿತು, ನಾನು ಬಲ್ಲೆ. ಅವಳು ನನ್ನ ಕಡೆ ತಿರುಗಿ, ಮಾತು ಮುಟ್ಟಲಿ ಎಂದು ಕಾಯತೊಡಗಿದಳು! ನಟ್ಟ ಹೊಳೆಯಲ್ಲಿ, ಬೆನ್ನ ಹಿಂದೆ ಬುಡಸಮೇತ ಕಿತ್ತ ಮುಳ್ಳಿನ ಮರ ಬರುತ್ತಿರುವಾಗ, ಆ ಹೆಂಗಸು ರಿವಾಜಿಗೆ ಕಾಯುತ್ತಿದ್ದಾಳೆ. ಜಾಲಿಯ ಮುಳ್ಳು ತಾಗಿದರೆ ಹರಿಗೋಲಿನ ತೊಗಲು ಸೀಳಿ ಹೋಗುತ್ತದೆಂದು ಅಪ್ಪ ಹೇಳಿದ್ದನ್ನು ಅವಳಿಗೆ ಮುಟ್ಟಿಸಿದವಳೇ ನಾನು. ನನ್ನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಯಾಕೆ ಮುಚ್ಚಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಂಡವರೇ ಕೂಗಬೇಕು ಎಂಬ ಕಾಯಿದೆ ನೆನಪಾಯಿತೆಂದು ದೊಡ್ಡವಳಾದ ಮೇಲೆ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬೇಸರ. ಮೂರು ವರ್ಷದ ಬೇಸರ. ಇವರ ಮಾತು ಹೊತ್ತು ಹೊತ್ತು ನನಗೆ ಸಾಕಾಗಿತ್ತು.

“ನಾಗೀ! ಹೇಳಽ!” ಎಂದಳು ಅವ್ವ.

“ನೀನ ಹೇಳು!” ಎಂದು ನಾನು ಕಿರುಚಿದೆ.

ಅವ್ವ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಆ ಮರವನ್ನು. ಆಮೇಲೆ ಅವಳ ಬಾಯಿಂದ ಬಂದ ಕೂಗು ಆಚೆ ದಂಡೆಗೂ ಕೇಳಿಸಿರಬೇಕು.

“ಏ ಗೌರೀ! ಬಗ್ಗಽ! ಬಗ್ಗ ನನ್ನ ಕಡೆ! ಹಿಂದ ಗಿಡಾ!”

ಚಿಗವ್ವ ಮುಂದಕ್ಕೆ ಬಾಗಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಅವ್ವ ಎದ್ದೇಳದೆ, ಕೂತಲ್ಲಿಂದಲೇ, ಅವಳ ಎರಡೂ ತೋಳನ್ನು ಹಿಡಿದುಕೊಂಡಳು. ಅಂಜಿಲಪ್ಪ ಗರಕ್ಕನೆ ತಿರುಗಿ ಹುಟ್ಟನ್ನು ಮರದ ಬುಡಕ್ಕೆ ಕೊಟ್ಟು ತಳ್ಳಿದ. ಹರಿಗೋಲು ಒಂದು ಕಡೆ ವಾಲಿ ನೀರು ಒಳಗೆ ನುಗ್ಗಿತು. ಒಂದು ಕೊಂಬೆ ಚಿಗವ್ವನ ಬೆನ್ನ ಮೇಲಿನಿಂದ ಸರಿದು, ಅವಳ ಸೆರಗಿನ ಒಂದು ಚೂರನ್ನು ಮುಳ್ಳಿಗೆ ಸಿಕ್ಕಿಸಿಕೊಂಡು ಹಾಗೇ ಹೊಳೆಯ ಜೊತೆ ಹೋಯಿತು. ಅಪ್ಪ ಎದ್ದು ನಿಲ್ಲಲು ಹೋದ. ಹಾವು ಬಂದರೂ ಏಳಬಾರದು ಎಂದ ಅಪ್ಪ!

“ಕೂಚೋಂಡಿ! ಲೇವದ್ದು!” ಎಂದು ಅಂಜಿಲಪ್ಪ ಗದರಿದ. ಗಾಬರಿಯಾದರೆ ಅವನಿಗೆ ತೆಲುಗೇ ಬರುತ್ತಿತ್ತು. “ಕುಂದರ್ರಿ ಸಾವಕಾರ್ರೆ! ನೀರ ಹೊರಗ ಚೆಲ್ರಿ ಎಲ್ಲಾರೂ!”

ಅವ್ವ ತಂಬಿಗೆ ತೆಗೆದುಕೊಂಡಳು, ಚಿಗವ್ವ ಬುಟ್ಟಿಯಿಂದ ಒಂದು ಬೋಗುಣಿ ಎಳೆದುಕೊಂಡಳು. ಇಬ್ಬರೂ ಮೊಣಕಾಲಿಗೆ ಮೊಣಕಾಲು ಒತ್ತಿ ಕೂತು ನೀರು ಎತ್ತಿ ಹೊರಗೆ ಚೆಲ್ಲತೊಡಗಿದರು. ಆಮೇಲೆ ಬಾಯಿ ಬಿಟ್ಟವಳು ಚಿಗವ್ವ, ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

“ಒದ್ದಿ ಸೌಟ ನಾ ಹಾಕಿಲ್ಲ ಯಕ್ಕಾ. ಲಿಂಗದಾಣೆ ಹಾಕಿಲ್ಲ.”

“ಹಂಗಂದ್ರ ನಾ ಹಾಕೀನಿ ಅಂತೀ ಏನ?” ಎಂದಳು ಅವ್ವ, ತಂಬಿಗೆ ಎತ್ತಿದ ಕೈ ನಿಲ್ಲಿಸದೆ.

“ನಾ ಹಂಗ ಅಂದ್ನಿ? ನಾ ಹಾಕಿಲ್ಲ ಅಂದೆ.”

“ಮನ್ಯಾಗ ಅಡಿಗಿ ಮಾಡೋರು ಇಬ್ರ. ನೀ ಹಾಕಿಲ್ಲಂದ್ರ ಮತ್ತ ಯಾರ ಹಾಕಿದ್ರು, ಅಂಜಿಲಪ್ಪ ಬಂದು ಹಾಕಿದ್ನ?”

ಮೂರು ವರ್ಷದ ಹಿಂದೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ, ಒಂದು ಮಾತೂ ಹಿಂದುಮುಂದಾಗದೆ, ಜಗಳ ಮುಂದುವರಿಯಿತು. ನೀರು ಚೆಲ್ಲುತ್ತಾ ಬೈದರು, ಬೈಯುತ್ತಾ ಅತ್ತರು, ಅಳುತ್ತಾ ಒಬ್ಬರ ಮುಖದ ಮೇಲಿನ ನೀರನ್ನು ಒಬ್ಬರು ಒರೆಸಿದರು. ನಟ್ಟ ಹೊಳ್ಯಾಗ ಮಾತಾಡಬಾರದು ಎಂದು ಅಪ್ಪ ಕೂಗುತ್ತಿದ್ದ, ಅವನ ಕಾಯಿದೆಯನ್ನು ಕೇಳುವವರೇ ಇರಲಿಲ್ಲ. ಆಯಿ ಮಾತ್ರ ಭರಣಿಯ ಕಡೆ ಒಂದು ಸಲ ನೋಡಿ, ಮತ್ತೆ ಕಣ್ಣು ಮುಚ್ಚಿ, ಶಿವಶಿವಾ ಎನ್ನುವುದನ್ನು ಸ್ವಲ್ಪ ಜೋರು ಮಾಡಿದಳು. ಆ ಸೌಟು ಯಾರದೆಂದು ನನಗೆ ಅವತ್ತಿನಿಂದ ಒಂದು ಗುಮಾನಿ ಇದೆ. ಕೇಳಲಿಕ್ಕೆ ಹೋಗಲಿಲ್ಲ.

ಆಚೆ ದಂಡೆಯ ಮರಳಿಗೆ ಹರಿಗೋಲಿನ ತಳ ತಾಗಿದಾಗ ಅಪ್ಪ ಇಳಿಯುವ ಕಾಯಿದೆ ಹೇಳಲು ಬಾಯಿ ತೆಗೆದ. ಹೇಳಬೇಕಾಗಲಿಲ್ಲ. ಅವ್ವ ಮತ್ತು ಚಿಗವ್ವ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು, ಒಟ್ಟಿಗೇ ಎದ್ದು, ಒಟ್ಟಿಗೇ ಕಾಲೆತ್ತಿ, ಮೊಣಕಾಲುದ್ದ ನೀರಿಗೆ ಇಳಿದರು. ಹರಿಗೋಲು ಅಲುಗಲಿಲ್ಲ. ಇಷ್ಟೆಲ್ಲ ದಿನ ಪಡಸಾಲೆಯಲ್ಲಿ ಒಂದು ಸಲವೂ ಸರಿಯಾಗಿ ಮಾಡದವರು! ನನಗೆ ಅಳುವೂ ಬಂತು, ಇಬ್ಬರ ಬೆನ್ನಿಗೂ ಒಂದೊಂದು ಗುದ್ದಬೇಕು ಎಂಬಷ್ಟು ಸಿಟ್ಟೂ ಬಂತು. ಐಜ ಮುಟ್ಟಿ ಊಟಕ್ಕೆ ಕೂತಾಗ ಅವ್ವ ಚಿಗವ್ವನ ತಾಯಿ ಬಡಿಸಿದ ಅನ್ನವನ್ನೇ ಉಂಡಳು. ಭರಣಿಯ ಬಟ್ಟೆ ಬಿಚ್ಚಿದವಳು ಚಿಗವ್ವ. ಸೌಟನ್ನು ಎಲ್ಲರ ಮುಂದೆ ಸೆರಗಿನಿಂದ ಎರಡೆರಡು ಸಲ ಒರೆಸಿ, ಅವ್ವನಿಗೆ ತೋರಿಸಿ, ಆಮೇಲೆ ಒಳಗೆ ಅದ್ದಿದಳು. ಮಾತು ಬಿಡುವ ಮುಂಚೆ ಅವ್ವನಿಗೆ ಬನ್ನಿ ಹೋಗಿ ಅನ್ನುತ್ತಿದ್ದವಳು ಅಂದಿನಿಂದ ಬಾ ಹೋಗು ಎನ್ನತೊಡಗಿದಳು.

ಕರ್ನೂಲಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ಐಜದಲ್ಲಿ ಇದ್ದಾಗಲೇ ಪೊಲೀಸ್ ಆಕ್ಷನ್ ಆಯಿತು. ಮಿಲಿಟರಿ ಬಂತು, ಒಂದು ವಾರ ಕೂಡ ಹಿಡಿಯದೆ ನಿಜಾಮರ ರಾಜ್ಯ ಮುಗಿಯಿತು. ಅಪ್ಪನಿಗೆ ಒಳಗೊಳಗೇ ಬೇಜಾರು, ಅಷ್ಟು ಕಲಿಸಿದ್ದು ಒಂದೇ ಹೊಳೆಗೆ ಖರ್ಚಾಯಿತಲ್ಲ ಎಂದು. ನಾವು ತಿರುಗಿ ಬಂದಾಗ ಮನೆ, ದನ ಎಲ್ಲ ಬಿಟ್ಟು ಹೋದ ಹಾಗೇ ಇದ್ದವು. ಇಮಾಮ್ ಸಾಬರು ಮಾತ್ರ ಕಟ್ಟೆಯ ಮೇಲೆ ಬಂದು ಕೂರಲಿಲ್ಲ. ರಜಾಕಾರರ ಮೇಲಿನ ಸೇಡು ಊರೂರಿನ ಸಾಬರ ಮನೆಗಳ ಕಡೆ ತಿರುಗಿತ್ತು, ಈಗ ಬಾಗಿಲು ಹಾಕಿಕೊಂಡು ಒಳಗೆ ಕೂರುವ ಸರದಿ ಅವರದಾಗಿತ್ತು. ಅವರ ಅಳಿಯನ ಮನೆ ಕರ್ನೂಲಿನಲ್ಲಿ. ಗದ್ದಲ ತಣ್ಣಗಾಗುವವರೆಗೆ ಹೆಂಡತಿ, ಸೊಸೆಯರನ್ನು ಅಲ್ಲಿ ಬಿಡುತ್ತೇನೆಂದರು. ಹೊಳೆ ಮತ್ತೆ ಏರಿತ್ತು. ಅಪ್ಪ ಒಳಗೆ ಹೋಗಿ ಸುಣ್ಣ ಮತ್ತು ಹಗ್ಗ ತಂದು, ಅವರ ಅಂಗಳದಲ್ಲಿ ದುಂಡಗೆ ಗೆರೆ ಎಳೆದ. ಅಲ್ಲಿ ಕಲಿಸಿದವರು ಅವ್ವ ಮತ್ತು ಚಿಗವ್ವ. ಯಾರು ಎಲ್ಲಿ ಕೂರಬೇಕೆಂದು ಇಬ್ಬರೂ ಒಂದೇ ಸಲ ಹೇಳಿ, ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಂದು, ಜಗಳವಾಡಿ, ಪಾಪ ಆ ಸೊಸೆಯರ ತಲೆ ಕೆಡಿಸಿದರು. ಆದರೂ ಅವರು ಸುಖವಾಗಿ ದಾಟಿದರು. ತಿರುಗಿ ಬಂದದ್ದು ಬೇಸಿಗೆಯಲ್ಲಿ, ನೀರು ಇಳಿದ ಮೇಲೆ.

ನನ್ನ ಸ್ವಭಾವ ಇಂದು ಏನಾಗಿದೆಯೋ ಅದು ಆ ಗೆರೆಯೊಳಗೆ ಆದದ್ದು. ಗಂಡನ ಮನೆಗೆ ಬಂದ ಮೇಲೆ ನಮ್ಮತ್ತೆ ನಾದಿನಿಗೆ ಹೇಳಲಿಕ್ಕೆಂದು ನನ್ನ ಕೈಲಿ ಒಂದು ಮಾತು ಕೊಟ್ಟರೆ, ನೀವೇ ಹೇಳ್ರಿ ಅತ್ತಿ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಮೊಂಡಿ ಎಂಬ ಹೆಸರು ಬಂತು. ನನ್ನ ಮಕ್ಕಳು ತಮ್ಮೊಳಗೆ ಮುನಿಸಿಕೊಂಡು ನನ್ನ ಹತ್ತಿರ ಫೋನು ಮಾಡಿದರೂ ಅದೇ ಉತ್ತರ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ನಾನು ಮುಟ್ಟಿಸುವವಳಲ್ಲ. ಆ ಕೆಲಸವನ್ನು ನಟ್ಟ ಹೊಳೆಯಲ್ಲಿ ಬಿಟ್ಟು ಬಂದಿದ್ದೇನೆ. ಈಗ ಆ ದಂಡೆಯೂ ಇಲ್ಲ, ಹರಿಗೋಲು ಕಟ್ಟೆಯೂ ಇಲ್ಲ. ಅಣೆಕಟ್ಟಿನ ಹಿನ್ನೀರು ಎರಡನ್ನೂ ಮುಚ್ಚಿ ನಿಂತಿದೆ.

ಅವ್ವ ಹಣ್ಣಾಗಿ, ಯಾರಿಗೂ ತೊಂದರೆ ಕೊಡದೆ, ಒಂದು ಬೆಳಿಗ್ಗೆ ಹೋದಳು. ಅಪ್ಪ, ಕಾಕಾ, ಆಯಿ ಎಲ್ಲ ಅದಕ್ಕೆ ಎಷ್ಟೋ ಮುಂಚೆ ಹೋಗಿದ್ದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂ ಹಾಕಿದ್ದೆವು. ಚಿಗವ್ವನನ್ನು ಇಬ್ಬರು ಹಿಡಿದು ಕರೆತಂದರು. ಸೊಂಟ ಬಾಗಿ ಮೂರು ಮಡಿಕೆಯಾಗಿದ್ದಳು. ಎಲ್ಲರೂ ಪಕ್ಕದಲ್ಲಿ ಕೂರಿಸಲು ನೋಡಿದರೆ ಅವಳು ಒಪ್ಪಲಿಲ್ಲ. ಕೈ ಕೊಸರಿಕೊಂಡು, ತೆವಳಿಕೊಂಡು ಬಂದು, ಅವ್ವನ ನೇರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಬಹಳ ಹೊತ್ತು ಅವ್ವನ ಮುಖವನ್ನೇ ನೋಡಿದಳು. ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಆ ಸಿಟ್ಟನ್ನು ನಾನು ಚೆನ್ನಾಗಿ ಬಲ್ಲೆ. ಆಮೇಲೆ ನನ್ನ ಕಡೆ ತಿರುಗಿದಳು.

“ನಾಗೀ, ನಿಮ್ಮವ್ವಗ ಹೇಳು. ಒಬ್ಬಾಕೀನ ಇಳೀಬಾರದಾಗಿತ್ತು ಅಂತ ಹೇಳು. ಜೋಡೀಲೆ ಇಳೀಬೇಕಂತ ಭಾವ ಎಷ್ಟ ಬಡಕೊಂಡ್ರು. ನಾ ಇನ್ನಾ ಕುಂತೀನಿ ಅಂತ ಹೇಳು.”

ನೀವೇ ಹೇಳ್ರಿ ಎಂಬ ಮಾತು ಅಭ್ಯಾಸಬಲದಿಂದ ನನ್ನ ತುಟಿಯವರೆಗೆ ಬಂತು. ಚಿಗವ್ವ ನನ್ನ ಮುಖ ನೋಡುತ್ತಾ, ಮಾತು ಮುಟ್ಟಲಿ ಎಂದು ಕಾಯುತ್ತಿದ್ದಳು. ನಾನು ಬಗ್ಗಿ, ಅವ್ವನ ಕಿವಿಯ ಹತ್ತಿರ ಬಾಯಿ ತಂದು, ಚಿಗವ್ವ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.